‘ಓದಿದ್ದು ಶೇ. 10, ನೋಡಿದ್ದು ಶೇ. 30 ನೆನಪಿರುತ್ತದೆ’ ನಿಜವೇ? ತರಗತಿಗೆ ವೆಬ್ ಸಾಧನ ತರುವ ಶಿಕ್ಷಕರು ತಿಳಿಯಬೇಕಾದದ್ದು

ಶಿಕ್ಷಕರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ವರ್ಷಕ್ಕೆ ನಾಲ್ಕಾರು ಬಾರಿಯಾದರೂ ಬರುವ ಒಂದು ಚಿತ್ರವಿದೆ. ತ್ರಿಕೋನಾಕಾರದ ಪಿರಮಿಡ್. ಅದರ ಮೇಲೆ ಅಂಕಿಗಳು: ಓದಿದ್ದರಲ್ಲಿ ಶೇ. 10, ಕೇಳಿದ್ದರಲ್ಲಿ ಶೇ. 20, ನೋಡಿದ್ದರಲ್ಲಿ ಶೇ. 30, ಸ್ವತಃ ಮಾಡಿದ್ದರಲ್ಲಿ ಶೇ. 90 ನೆನಪಿನಲ್ಲಿ ಉಳಿಯುತ್ತದೆ ಎಂದು ಅದು ಹೇಳುತ್ತದೆ. ಕೆಳಗೆ ಯಾವುದೋ ಆ್ಯಪ್‌ನ ಜಾಹೀರಾತೋ, ‘ಇನ್ನು ಮುಂದೆ ಪಾಠವನ್ನೆಲ್ಲ ವಿಡಿಯೊದಲ್ಲೇ ತೋರಿಸಿ’ ಎಂಬ ಸಲಹೆಯೋ ಇರುತ್ತದೆ.

ಚಿತ್ರದುರ್ಗ–ದಾವಣಗೆರೆ ಹೆದ್ದಾರಿಯ ಭರಮಸಾಗರದ ಸುತ್ತಿನ ಹಳ್ಳಿಗಳಲ್ಲಿ ಒಂದು ಸಾಮಾನ್ಯ ಪ್ರೌಢಶಾಲೆಯನ್ನು ಊಹಿಸಿಕೊಳ್ಳಿ. ಒಬ್ಬ ಶಿಕ್ಷಕಿ, ಒಂದು ಫೋನ್, ಬಂದು ಹೋಗುವ ನೆಟ್‌ವರ್ಕ್, ನಲವತ್ತೋ ನಲವತ್ತೈದೋ ನಿಮಿಷದ ಪಿರಿಯಡ್. ಆ ಚಿತ್ರವನ್ನು ನಂಬಿ ಅವರು ಪಿರಿಯಡ್‌ನ ಅರ್ಧವನ್ನು ವಿಡಿಯೊಗೆ ಕೊಟ್ಟರೆ ಮಕ್ಕಳಿಗೆ ಲಾಭವೋ ನಷ್ಟವೋ? ವೆಬ್ ಸಾಧನಗಳನ್ನು ಕಲಿಯಲು ಹೊರಟ ಶಿಕ್ಷಕರು ಮೊದಲು ಯಾವುದನ್ನು ಕಲಿಯಬೇಕು? ನೋಡೋಣ.

ಆ ಅಂಕಿಗಳು ಎಲ್ಲಿಂದ ಬಂದವು?

ಪಿರಮಿಡ್‌ನ ಮೂಲ ಅಮೆರಿಕದ ಶಿಕ್ಷಣತಜ್ಞ ಎಡ್ಗರ್ ಡೇಲ್ ಅವರದು. 1946ರಲ್ಲಿ ಬಂದ ದೃಶ್ಯ-ಶ್ರವ್ಯ ಬೋಧನೆ ಕುರಿತ ತಮ್ಮ ಪುಸ್ತಕದಲ್ಲಿ ಅವರು ‘ಅನುಭವದ ಶಂಕು’ ಎಂಬ ಚಿತ್ರ ಬರೆದರು. ನೇರ ಅನುಭವ ಕೆಳಗೆ, ಬರೀ ಮಾತು ಮತ್ತು ಅಕ್ಷರ ಮೇಲೆ, ನಡುವೆ ಪ್ರವಾಸ, ಪ್ರದರ್ಶನ, ಚಲನಚಿತ್ರ ಮುಂತಾದವು. ಅದರಲ್ಲಿ ಒಂದೇ ಒಂದು ಶೇಕಡಾವಾರು ಅಂಕಿಯೂ ಇರಲಿಲ್ಲ. ಅಂಕಿಗಳನ್ನು ಮುಂದೆ ಬೇರೆಯವರು ಸೇರಿಸಿದರು. ಅವುಗಳ ಹಿಂದೆ ಯಾವ ಪ್ರಯೋಗವೂ ಇಲ್ಲ.

ಸ್ವಲ್ಪ ಯೋಚಿಸಿದರೂ ಇದು ಹೊಳೆಯುತ್ತದೆ. ಏನನ್ನು ಓದಿದ್ದು? ಕಥೆಯನ್ನೋ, ಕೋಷ್ಟಕವನ್ನೋ? ಎಷ್ಟು ದಿನದ ನಂತರ ಪರೀಕ್ಷಿಸಿದ್ದು? ಯಾವ ವಯಸ್ಸಿನವರನ್ನು? ಇದಾವುದನ್ನೂ ಹೇಳದೆ 10, 20, 30 ಎಂದು ದುಂಡಗೆ ಬರುವ ಅಂಕಿ ಅಳೆದದ್ದಲ್ಲ, ಬರೆದದ್ದು.

ನಿಜವಾದ ಪ್ರಯೋಗದ ಅಂಕಿ ಹೇಗಿರುತ್ತದೆ?

2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಒಂದು ಸರಳ ಪ್ರಯೋಗವನ್ನು ಪ್ರಕಟಿಸಿದರು. ವಿದ್ಯಾರ್ಥಿಗಳು ಒಂದು ಸಣ್ಣ ಗದ್ಯಭಾಗ ಓದಿದರು. ನಂತರ ಕೆಲವರು ಅದನ್ನೇ ಇನ್ನೊಮ್ಮೆ ಓದಿದರು. ಉಳಿದವರು ಪುಸ್ತಕ ಮುಚ್ಚಿ, ನೆನಪಾದಷ್ಟನ್ನು ಬರೆದರು.

ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಅವರು ಶೇ. 81ರಷ್ಟನ್ನು, ನೆನಪಿನಿಂದ ಬರೆದವರು ಶೇ. 75ರಷ್ಟನ್ನು ಹೇಳಿದರು. ಒಂದು ವಾರದ ನಂತರ ಲೆಕ್ಕ ತಿರುಗಿತು. ಮತ್ತೆ ಓದಿದವರಲ್ಲಿ ಉಳಿದದ್ದು ಶೇ. 42, ನೆನಪಿನಿಂದ ಬರೆದವರಲ್ಲಿ ಉಳಿದದ್ದು ಶೇ. 56.

ಇದರಲ್ಲಿ ನಮಗೆ ಎರಡು ಪಾಠಗಳಿವೆ. ಒಂದು, ನೆನಪು ಎಷ್ಟು ಉಳಿಯುತ್ತದೆ ಎಂಬುದು ಕಣ್ಣಿನಿಂದ ಬಂತೋ ಕಿವಿಯಿಂದ ಬಂತೋ ಎನ್ನುವುದರ ಮೇಲಷ್ಟೇ ನಿಂತಿಲ್ಲ. ತಲೆ ಏನು ಕೆಲಸ ಮಾಡಿತು ಎಂಬುದರ ಮೇಲೆ ನಿಂತಿದೆ. ಎರಡು, ಆ ಕ್ಷಣಕ್ಕೆ ‘ಎಲ್ಲ ಅರ್ಥವಾಯಿತು’ ಅನ್ನಿಸುವುದು ಕಲಿಕೆಯ ಗುರುತಲ್ಲ. ಚೆಂದದ ವಿಡಿಯೊ ನೋಡಿದ ಮೇಲೆ ಇಡೀ ತರಗತಿ ‘ಹೂಂ ಮಿಸ್, ಅರ್ಥವಾಯಿತು’ ಎನ್ನುತ್ತದೆ. ಮುಂದಿನ ವಾರ ಕೇಳಿ ನೋಡಿ.

ಸಾಧನ ಬಂದರೆ ಕಲಿಕೆ ತಾನಾಗಿ ಬರುತ್ತದೆಯೇ?

ಈ ಆಸೆ ಹೊಸದಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಮ್ಮ ದೇಶದಲ್ಲಿ ‘ಸೈಟ್’ ಎಂಬ ಉಪಗ್ರಹ ದೂರದರ್ಶನ ಪ್ರಯೋಗ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಕರ್ನಾಟಕವೂ ಸೇರಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮಗಳು ತಲುಪಿದವು. ಶಾಲಾ ಮಕ್ಕಳ ಪಾಠವೂ ಶಿಕ್ಷಕರ ತರಬೇತಿಯೂ ಅದರಲ್ಲಿದ್ದವು. 2004ರಲ್ಲಿ ಶಿಕ್ಷಣಕ್ಕೆಂದೇ ಇಸ್ರೊ ‘ಎಜುಸ್ಯಾಟ್’ ಉಪಗ್ರಹ ಹಾರಿಸಿತು. ನಂತರ ಕಂಪ್ಯೂಟರ್ ಲ್ಯಾಬ್, ಸ್ಮಾರ್ಟ್ ಕ್ಲಾಸ್, ಈಗ ಫೋನ್. ಪ್ರತಿ ಬಾರಿಯೂ ಪೆಟ್ಟಿಗೆ ಮೊದಲು ಬಂತು, ‘ಇದರಿಂದ ಯಾವ ಪಾಠದ ಯಾವ ತೊಡಕು ಬಿಡಿಸಬೇಕು’ ಎಂಬ ಪ್ರಶ್ನೆ ಆಮೇಲೆ ಬಂತು.

2015ರಲ್ಲಿ ಒಇಸಿಡಿ ಸಂಸ್ಥೆ ಹಲವು ದೇಶಗಳ ವಿದ್ಯಾರ್ಥಿಗಳ ಅಂಕಗಳನ್ನು ಹೋಲಿಸಿ ಒಂದು ವರದಿ ಕೊಟ್ಟಿತು. ಶಾಲೆಗಳಿಗೆ ಕಂಪ್ಯೂಟರ್ ತರಲು ಹೆಚ್ಚು ಹಣ ಹೂಡಿದ ದೇಶಗಳಲ್ಲಿ ಓದು, ಗಣಿತ, ವಿಜ್ಞಾನದ ಮಟ್ಟ ಗಮನಿಸುವಷ್ಟು ಏರಿರಲಿಲ್ಲ. ಕಂಪ್ಯೂಟರ್ ಕೆಟ್ಟದ್ದು ಎಂದು ಇದರ ಅರ್ಥವಲ್ಲ. ಸಾಧನ ತಾನಾಗಿ ಕಲಿಸುವುದಿಲ್ಲ ಎಂದಷ್ಟೇ ಅರ್ಥ.

ಹಾಗಾದರೆ ಯಾವಾಗ ಕೆಲಸಕ್ಕೆ ಬರುತ್ತದೆ? ಬೋರ್ಡು ಮತ್ತು ಸೀಮೆಸುಣ್ಣದಿಂದ ತೋರಿಸಲಾಗದ್ದನ್ನು ಅದು ತೋರಿಸಿದಾಗ, ಮತ್ತು ಪರದೆ ಉತ್ತರ ಹೇಳುವ ಮೊದಲು ಮಗು ತನ್ನ ಉತ್ತರ ಹೇಳಿದಾಗ. ಮೂರು ಉದಾಹರಣೆ ನೋಡೋಣ.

ಉದಾಹರಣೆ 1: ಎರಡು ಬಲ್ಬ್, ಒಂದು ಬ್ಯಾಟರಿ

ಹತ್ತನೇ ತರಗತಿಯ ವಿದ್ಯುತ್ ಪಾಠದಲ್ಲಿ ಅನೇಕ ಮಕ್ಕಳ ತಲೆಯಲ್ಲಿ ಒಂದು ತಪ್ಪು ಕಲ್ಪನೆ ಕೂತಿರುತ್ತದೆ: ಸರಣಿಯಲ್ಲಿ ಜೋಡಿಸಿದ ಮೊದಲ ಬಲ್ಬ್ ಸ್ವಲ್ಪ ವಿದ್ಯುತ್ ಪ್ರವಾಹವನ್ನು ‘ತಿಂದುಬಿಡುತ್ತದೆ’, ಎರಡನೆಯದಕ್ಕೆ ಉಳಿದದ್ದು ಹೋಗುತ್ತದೆ. ಹೇಳಿ ಹೇಳಿ ಇದನ್ನು ಬಿಡಿಸುವುದು ಕಷ್ಟ.

ಇಲ್ಲಿ ಫೆಟ್ ಎಂಬ ಉಚಿತ ಸಿಮ್ಯುಲೇಶನ್ ಜಾಲತಾಣ ನೆರವಾಗುತ್ತದೆ. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಇದನ್ನು ಶುರುಮಾಡಿದರು. ಕೆಲವು ಸಿಮ್ಯುಲೇಶನ್‌ಗಳು ಕನ್ನಡದಲ್ಲೂ ಇವೆ. ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತವೆ. ಅದರಲ್ಲಿ ಬ್ಯಾಟರಿ, ತಂತಿ, ಬಲ್ಬ್‌ಗಳನ್ನು ಬೆರಳಿನಿಂದ ಎಳೆದು ಮಂಡಲ ಜೋಡಿಸಬಹುದು.

ನೇರವಾಗಿ ತೋರಿಸಬೇಡಿ. ಮೊದಲು ಕೇಳಿ: ‘ಮೊದಲ ಬಲ್ಬ್‌ಗಿಂತ ಮುಂಚೆ ಒಂದು ಅಮ್ಮೀಟರ್, ಎರಡು ಬಲ್ಬ್‌ಗಳ ನಡುವೆ ಇನ್ನೊಂದು. ಯಾವುದರಲ್ಲಿ ಹೆಚ್ಚು ಬರುತ್ತದೆ?’ ಪ್ರತಿಯೊಬ್ಬರೂ ನೋಟ್‌ಬುಕ್‌ನಲ್ಲಿ ಉತ್ತರ ಬರೆಯಲಿ. ಆಮೇಲೆ ಸ್ವಿಚ್ ಒತ್ತಿ. ಎರಡರಲ್ಲೂ ಒಂದೇ ಅಂಕಿ ಬಂದಾಗ ತರಗತಿಯಲ್ಲಿ ಗದ್ದಲವೇಳುತ್ತದೆ. ಆ ಗದ್ದಲವೇ ಪಾಠ. ಉತ್ತರ ಬರೆಯದೆ ನೋಡಿದ ಮಗುವಿಗೆ ಅದು ಬರೀ ಒಂದು ಅಂಕಿ. ತಪ್ಪು ಬರೆದು ನೋಡಿದ ಮಗುವಿಗೆ ಅದು ‘ಯಾಕೆ?’ ಎಂಬ ಪ್ರಶ್ನೆ.

ಒಂದು ಎಚ್ಚರಿಕೆಯನ್ನು ಮರೆಯಬೇಡಿ. ಪರದೆಯ ಮೇಲೆ ತಂತಿಯ ಎರಡು ತುದಿ ಜೋಡಿಸಿದರೆ ಬೆಂಕಿಯ ಚಿತ್ರ ಬಂದು ಹೋಗುತ್ತದೆ, ಯಾರಿಗೂ ಏನೂ ಆಗುವುದಿಲ್ಲ. ಮನೆಯ 230 ವೋಲ್ಟ್ ಹಾಗಲ್ಲ. ‘ಇದನ್ನು ಮನೆಯ ಪ್ಲಗ್‌ನಲ್ಲಿ ಮಾಡಬಾರದು’ ಎಂದು ಬಾಯಿಬಿಟ್ಟು ಹೇಳಲೇಬೇಕು. ಸಾಧ್ಯವಾದರೆ ಟಾರ್ಚ್ ಸೆಲ್ಲು, ಸಣ್ಣ ಬಲ್ಬು ತಂದು ನಿಜವಾದ ಮಂಡಲವನ್ನೂ ಮಾಡಿಸಿ. ಸಿಮ್ಯುಲೇಶನ್ ಪ್ರಯೋಗದ ಬದಲಿಯಲ್ಲ.

ಉದಾಹರಣೆ 2: ಎಳೆದರೂ ಬದಲಾಗದ ಕೋನ

ಜಿಯೊಜೀಬ್ರಾ ಎಂಬ ಉಚಿತ ಗಣಿತ ತಂತ್ರಾಂಶವನ್ನು ಮಾರ್ಕಸ್ ಹೊಹೆನ್‌ವಾರ್ಟರ್ 2001ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ ರೂಪಿಸತೊಡಗಿದರು. ಇದರಲ್ಲಿ ಒಂದು ವೃತ್ತ, ಅದರ ವ್ಯಾಸ ಎಬಿ, ವೃತ್ತದ ಮೇಲೆ ಸಿ ಎಂಬ ಬಿಂದು ಹಾಕಿ. ಸಿ ಬಿಂದುವನ್ನು ಎಲ್ಲಿಗೆ ಎಳೆದರೂ ಅಲ್ಲಿನ ಕೋನ 90 ಡಿಗ್ರಿಯೇ. ಬೋರ್ಡಿನ ಮೇಲೆ ಒಂದು ಚಿತ್ರ ಬರೆಯಬಹುದು, ನೂರು ಚಿತ್ರ ಬರೆಯಲಾಗದು. ಇಲ್ಲಿ ಬೆರಳು ಸರಿದಂತೆ ನೂರೂ ಬರುತ್ತವೆ.

ಆದರೆ ಕಂಡದ್ದು ಸಾಧನೆಯಲ್ಲ. ‘ಹೌದು, ಯಾವಾಗಲೂ 90, ಆದರೆ ಯಾಕೆ?’ ಎಂದು ಕೇಳಿ ಫೋನನ್ನು ಬದಿಗಿಡಿ. ಬೋರ್ಡಿಗೆ ಬನ್ನಿ. ಕೇಂದ್ರದಿಂದ ಸಿ ಬಿಂದುವಿಗೆ ಒಂದು ಗೆರೆ ಎಳೆದರೆ ಎರಡು ಸಮದ್ವಿಬಾಹು ತ್ರಿಭುಜಗಳಾಗುತ್ತವೆ. ಒಂದರಲ್ಲಿ ಎರಡು ಸಮಕೋನ, ಇನ್ನೊಂದರಲ್ಲಿ ಎರಡು ಸಮಕೋನ. ಮೊದಲ ಬಗೆಯ ಕೋನ ಎರಡು, ಎರಡನೇ ಬಗೆಯದು ಎರಡು ಸೇರಿ 180. ಹಾಗಾಗಿ ಒಂದೊಂದು ಸೇರಿದರೆ 90. ಪರದೆ ಕುತೂಹಲ ಹುಟ್ಟಿಸಿತು, ಸೀಮೆಸುಣ್ಣ ಕಾರಣ ಕೊಟ್ಟಿತು. ಎರಡೂ ಬೇಕು.

ಉದಾಹರಣೆ 3: ನಮ್ಮೂರ ಕೆರೆ ಮೇಲಿನಿಂದ

ಚಿತ್ರದುರ್ಗದ ಪಾಳೆಯಗಾರ ಭರಮಣ್ಣ ನಾಯಕನ ಹೆಸರು ಹೊತ್ತ ಭರಮಸಾಗರದ ಕೆರೆ ಊರಿನ ಮಕ್ಕಳಿಗೆ ದಿನವೂ ಕಾಣುವಂಥದ್ದು. ತುಂಗಭದ್ರೆಯಿಂದ ನೀರೆತ್ತಿ ಈ ಕೆರೆಯನ್ನು ತುಂಬಿಸುವ ಏತ ನೀರಾವರಿ ಯೋಜನೆ ಬಂದ ಮೇಲೆ ಅದರ ಸುದ್ದಿ ಇನ್ನಷ್ಟು ಹೆಚ್ಚಿತು. ಗೂಗಲ್ ಅರ್ತ್‌ನ ‘ಟೈಮ್‌ಲ್ಯಾಪ್ಸ್’ನಲ್ಲಿ 1984ರಿಂದ ಈಚಿನ ವರ್ಷಗಳವರೆಗಿನ ಉಪಗ್ರಹ ಚಿತ್ರಗಳನ್ನು ಸಾಲಾಗಿ ನೋಡಬಹುದು. ನಮ್ಮ ಕೆರೆ ಯಾವ ವರ್ಷ ತುಂಬಿತ್ತು, ಯಾವ ವರ್ಷ ಒಣಗಿತ್ತು ಎಂದು ಮಕ್ಕಳು ಮೊದಲು ಮನೆಯಲ್ಲಿ ಅಜ್ಜ-ಅಜ್ಜಿಯನ್ನು ಕೇಳಿ ಪಟ್ಟಿ ಮಾಡಿಕೊಂಡು ಬರಲಿ. ಆಮೇಲೆ ಚಿತ್ರದೊಂದಿಗೆ ಹೋಲಿಸಲಿ.

ಹಿರಿಯೂರಿನ ವಾಣಿವಿಲಾಸ ಸಾಗರವನ್ನೂ ಹೀಗೆಯೇ ನೋಡಬಹುದು. 1933ರ ನಂತರ 89 ವರ್ಷ ಕೋಡಿ ಬೀಳದಿದ್ದ ಈ ಜಲಾಶಯ 2022ರಲ್ಲಿ ಕೋಡಿ ಬಿತ್ತು. ಭೂಗೋಳ, ಇತಿಹಾಸ, ಮಳೆಯ ಲೆಕ್ಕ ಎಲ್ಲವೂ ಒಂದೇ ಪಾಠಕ್ಕೆ ಬರುತ್ತವೆ. ಇಲ್ಲೂ ಒಂದು ಕಿವಿಮಾತು: ಬೇಸಿಗೆಯ ಚಿತ್ರವನ್ನೂ ಮಳೆಗಾಲದ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ‘ಕೆರೆ ಬತ್ತಿಹೋಯಿತು’ ಎನ್ನಬಾರದು. ಚಿತ್ರ ತೆಗೆದ ಕಾಲವನ್ನು ಕೇಳುವ ಅಭ್ಯಾಸವೇ ಇಲ್ಲಿ ದೊಡ್ಡ ಕಲಿಕೆ.

ಇಡೀ ತರಗತಿಗೆ ಒಂದೇ ಫೋನ್ ಇದ್ದರೆ?

ಇದಕ್ಕೂ ದಾರಿಯಿದೆ. ಪ್ಲಿಕರ್ಸ್ ಎಂಬ ಸಾಧನದಲ್ಲಿ ಮಕ್ಕಳ ಕೈಗೆ ಫೋನ್ ಬೇಕಿಲ್ಲ. ಪ್ರತಿ ಮಗುವಿಗೂ ಒಂದು ಮುದ್ರಿತ ಕಾಗದದ ಕಾರ್ಡು. ಕಾರ್ಡಿನ ಯಾವ ಬದಿ ಮೇಲಿದೆ ಎಂಬುದೇ ಅದರ ಉತ್ತರ: ಎ, ಬಿ, ಸಿ ಅಥವಾ ಡಿ. ಶಿಕ್ಷಕರು ತಮ್ಮ ಫೋನಿನ ಕ್ಯಾಮೆರಾವನ್ನು ತರಗತಿಯುದ್ದಕ್ಕೂ ತಿರುಗಿಸಿದರೆ ಯಾರ ಉತ್ತರ ಏನು ಎಂದು ದಾಖಲಾಗುತ್ತದೆ. ಕಾರ್ಡುಗಳ ವಿನ್ಯಾಸ ಬೇರೆಬೇರೆ ಇರುವುದರಿಂದ ಪಕ್ಕದವರದ್ದು ನೋಡಿ ಬರೆಯುವುದೂ ಸುಲಭವಲ್ಲ.

ಕೈ ಎತ್ತುವ ನಾಲ್ಕು ಜಾಣ ಮಕ್ಕಳ ಉತ್ತರ ಕೇಳಿ ಪಾಠ ಮುಂದಕ್ಕೆ ಓಡಿಸುವ ಬದಲು, ಹಿಂದಿನ ಬೆಂಚಿನವರಿಗೂ ಅರ್ಥವಾಯಿತೇ ಎಂದು ಇದರಿಂದ ತಿಳಿಯುತ್ತದೆ. ಪಾಠ ಮುಗಿದ ಮರುದಿನ ಮೂರು, ವಾರದ ನಂತರ ಮೂರು ಪ್ರಶ್ನೆ ಕೇಳಿ. ರೋಡಿಗರ್–ಕಾರ್ಪಿಕೆ ಪ್ರಯೋಗ ಹೇಳಿದ್ದೂ ಇದನ್ನೇ. ಕಾರ್ಡು ಮುದ್ರಿಸಲೂ ಆಗದಿದ್ದರೆ ನಾಲ್ಕು ಬೆರಳು ಸಾಕು: ಒಂದು ಬೆರಳು ಎ, ಎರಡು ಬಿ. ಉಪಾಯ ಮುಖ್ಯ, ಆ್ಯಪ್ ಅಲ್ಲ.

‘ಈಗಿನ ಮಕ್ಕಳಿಗೆ ನಮಗಿಂತ ಚೆನ್ನಾಗಿ ಬರುತ್ತದೆ’ ನಿಜವೇ?

ಅನೇಕ ಶಿಕ್ಷಕರು ಹಿಂಜರಿಯುವುದು ಇದೇ ಕಾರಣಕ್ಕೆ. ಮಕ್ಕಳ ಮುಂದೆ ಫೋನ್ ತಡವರಿಸಿದರೆ ಮರ್ಯಾದೆ ಏನಾದೀತು ಎಂಬ ಅಳುಕು. ಹುಟ್ಟಿನಿಂದಲೇ ಡಿಜಿಟಲ್ ಲೋಕದವರು ಎಂಬ ಮಾತನ್ನು ಅಮೆರಿಕದ ಬರಹಗಾರ ಮಾರ್ಕ್ ಪ್ರೆನ್ಸ್‌ಕಿ 2001ರಲ್ಲಿ ಜನಪ್ರಿಯಗೊಳಿಸಿದರು. ಆದರೆ ಪರದೆ ಸರಿಸುವುದು ಬೇರೆ, ಪರದೆಯ ಮೇಲಿನ ಮಾತು ನಿಜವೇ ಎಂದು ತೂಗುವುದು ಬೇರೆ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಇದನ್ನು ಪರೀಕ್ಷಿಸಿದರು. 10 ಮಂದಿ ಇತಿಹಾಸಕಾರರು, 10 ಮಂದಿ ವೃತ್ತಿಪರ ಸತ್ಯಶೋಧಕರು, 25 ಮಂದಿ ವಿದ್ಯಾರ್ಥಿಗಳಿಗೆ ಜಾಲತಾಣಗಳನ್ನು ತೋರಿಸಿ ಯಾವುದು ನಂಬಲರ್ಹ ಎಂದು ಕೇಳಿದರು. ಇಂಟರ್ನೆಟ್ ಜೊತೆಗೇ ಬೆಳೆದ ವಿದ್ಯಾರ್ಥಿಗಳೂ, ದೊಡ್ಡ ಪದವಿಯ ಇತಿಹಾಸಕಾರರೂ ಚೆಂದದ ಲಾಂಛನ, ಗಂಭೀರ ಹೆಸರು ನೋಡಿ ಅನೇಕ ಸಲ ಮೋಸಹೋದರು. ಸತ್ಯಶೋಧಕರು ಮಾತ್ರ ಬೇಗ ಸರಿಯಾದ ತೀರ್ಮಾನಕ್ಕೆ ಬಂದರು. ಅವರ ಗುಟ್ಟು ಸರಳ: ಆ ಪುಟದಲ್ಲೇ ಕೂರದೆ ಬೇರೆ ಟ್ಯಾಬ್ ತೆರೆದು, ‘ಈ ಸಂಸ್ಥೆ ಯಾವುದು, ಬೇರೆಯವರು ಇದರ ಬಗ್ಗೆ ಏನು ಹೇಳುತ್ತಾರೆ’ ಎಂದು ಮೊದಲು ನೋಡಿದರು.

ಶಿಕ್ಷಕರು ಮಕ್ಕಳಿಗೆ ಕೊಡಬಹುದಾದದ್ದು ಇದು. ಆ್ಯಪ್ ತೆರೆಯುವುದನ್ನು ಮಗುವೇ ತೋರಿಸಿಕೊಡಲಿ, ಅದರಲ್ಲಿ ನಾಚಿಕೆಯೇನಿಲ್ಲ. ಏನನ್ನು ನಂಬಬೇಕು ಎಂಬುದನ್ನು ಶಿಕ್ಷಕರು ತೋರಿಸಲಿ.

ಇನ್ನೊಂದು ಫಾರ್ವರ್ಡ್: ‘ನಿಮ್ಮ ಮಗು ನೋಡಿ ಕಲಿಯುವವನೋ, ಕೇಳಿ ಕಲಿಯುವವನೋ?’

ಹೀಗೆ ಮಕ್ಕಳನ್ನು ವಿಂಗಡಿಸಿ ಅದಕ್ಕೆ ತಕ್ಕ ಪಾಠ ಕೊಟ್ಟರೆ ಹೆಚ್ಚು ಕಲಿಯುತ್ತಾರೆ ಎಂಬ ಮಾತು ಆ್ಯಪ್ ಮಾರುವವರಿಗೆ ಬಲು ಪ್ರಿಯ. 2008ರಲ್ಲಿ ಹೆರಾಲ್ಡ್ ಪ್ಯಾಷ್ಲರ್ ಮತ್ತು ಸಂಗಡಿಗರು ಲಭ್ಯವಿದ್ದ ಅಧ್ಯಯನಗಳನ್ನು ಪರಿಶೀಲಿಸಿ, ಇದಕ್ಕೆ ಸಾಕಷ್ಟು ಆಧಾರವಿಲ್ಲ ಎಂದು ತೋರಿಸಿದರು. ವಿಷಯಕ್ಕೆ ತಕ್ಕ ಸಾಧನ ಬೇಕು. ಭೂಪಟವನ್ನು ಎಲ್ಲರೂ ನೋಡಿಯೇ ಕಲಿಯಬೇಕು, ಪದ್ಯದ ಲಯವನ್ನು ಎಲ್ಲರೂ ಕೇಳಿಯೇ ಕಲಿಯಬೇಕು.

ಕಲಿಯಲು ನಮ್ಮಲ್ಲಿ ಏನೇನಿದೆ?

ದೀಕ್ಷಾ ವೇದಿಕೆ 2017ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನವೇ ಶುರುವಾಯಿತು. ರಾಜ್ಯದ ಪಠ್ಯಪುಸ್ತಕಗಳಲ್ಲಿ ಮುದ್ರಿಸಿರುವ ಕ್ಯೂಆರ್ ಕೋಡನ್ನು ದೀಕ್ಷಾ ಆ್ಯಪ್‌ನಿಂದ ಸ್ಕ್ಯಾನ್ ಮಾಡಿದರೆ ಆ ಪಾಠದ ಸಾಮಗ್ರಿ ಸಿಗುತ್ತದೆ. ನೆಟ್ ಇರುವ ಕಡೆ ಇಳಿಸಿಕೊಂಡು ಶಾಲೆಯಲ್ಲಿ ತೋರಿಸಬಹುದು.

ಇದಕ್ಕೂ ಮೊದಲೇ ಕರ್ನಾಟಕ ಒಂದು ಒಳ್ಳೆಯ ದಾರಿ ಹಾಕಿತ್ತು. ರಾಜ್ಯದ ಡಿಎಸ್ಇಆರ್‌ಟಿ ಮತ್ತು ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಸೇರಿ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗೆ ಉಚಿತ ತಂತ್ರಾಂಶಗಳ ತರಬೇತಿ ಕೊಟ್ಟು, ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ವಿಕಿ ತಾಣ ಕಟ್ಟಿದವು. ಕೋಯರ್ ಎಂಬುದು ಅದರ ಅಡ್ಡಹೆಸರು. ಶಿಕ್ಷಕರು ಬರೀ ಬಳಸುವವರಲ್ಲ, ಪಾಠ ಬರೆದು ಸೇರಿಸುವವರೂ ಹೌದು ಎಂಬುದು ಅದರ ಹೆಚ್ಚುಗಾರಿಕೆ. ಚಿತ್ರದುರ್ಗ ಜಿಲ್ಲೆಯಲ್ಲೇ, ಚಳ್ಳಕೆರೆ ಬಳಿಯ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ವಿಜ್ಞಾನ ಮತ್ತು ಗಣಿತ ಶಿಕ್ಷಕರಿಗೆ ಪ್ರಯೋಗ ಸಹಿತ ತರಬೇತಿ ನಡೆಸುತ್ತ ಬಂದಿದೆ.

ಪ್ರಶ್ನೆಪತ್ರಿಕೆ ತಯಾರಿಸಲು ಈಗ ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳನ್ನೂ ಹಲವರು ಬಳಸುತ್ತಿದ್ದಾರೆ. ಸಮಯ ಉಳಿಯುತ್ತದೆ, ನಿಜ. ಆದರೆ ಅವು ತಪ್ಪನ್ನೂ ಅಷ್ಟೇ ಧೈರ್ಯದಿಂದ ಹೇಳುತ್ತವೆ. ಕನ್ನಡದ ಪಾರಿಭಾಷಿಕ ಪದಗಳನ್ನೂ ಉತ್ತರಗಳನ್ನೂ ಪಠ್ಯಪುಸ್ತಕದೊಂದಿಗೆ ತಾಳೆ ನೋಡದೆ ಮಕ್ಕಳ ಕೈಗೆ ಕೊಡಬೇಡಿ.

ಮಕ್ಕಳ ಮಾಹಿತಿ ಯಾರ ಕೈಗೆ ಹೋಗುತ್ತದೆ?

ಉಚಿತ ಸಾಧನ ಎಂದರೆ ಏನನ್ನೂ ಕೇಳದ ಸಾಧನ ಎಂದಲ್ಲ. ಹಲವು ಆ್ಯಪ್‌ಗಳು ಮಗುವಿನ ಹೆಸರು, ಹುಟ್ಟಿದ ದಿನಾಂಕ, ಪೋಷಕರ ಫೋನ್ ನಂಬರ್ ಕೇಳುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರನ್ನೆಲ್ಲ ಮಕ್ಕಳೆಂದು ಪರಿಗಣಿಸುತ್ತದೆ. ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ.

ಆದ್ದರಿಂದ ಕ್ವಿಜ್‌ಗೆ ಹೆಸರಿನ ಬದಲು ಕ್ರಮಸಂಖ್ಯೆ ಸಾಕು. ಲಾಗಿನ್ ಕೇಳದ ಸಾಧನವಿದ್ದರೆ ಅದನ್ನೇ ಆರಿಸಿ. ಮಕ್ಕಳ ಮುಖ ಕಾಣುವ ಫೋಟೊ, ಅಂಕಪಟ್ಟಿ, ಆಧಾರ್ ಪ್ರತಿಗಳನ್ನು ಗುಂಪುಗಳಲ್ಲಿ ಹಾಕಬೇಡಿ. ಒಮ್ಮೆ ಫಾರ್ವರ್ಡ್ ಆದದ್ದನ್ನು ಹಿಂದಕ್ಕೆ ತರುವವರಿಲ್ಲ.

ಶುರುಮಾಡುವುದಾದರೆ ಹೀಗೆ ಮಾಡಿ

• ಮಕ್ಕಳು ಪ್ರತಿ ವರ್ಷವೂ ಎಡವುವ ಒಂದೇ ಒಂದು ಪಾಠ ಆರಿಸಿ. ಆ್ಯಪ್ ಆಮೇಲೆ ಹುಡುಕಿ.

• ಆ ಪಾಠಕ್ಕೆ ಒಂದೇ ಸಾಧನ ಕಲಿಯಿರಿ. ಹತ್ತು ಸಾಧನ ಅರ್ಧರ್ಧ ಬರುವುದಕ್ಕಿಂತ ಒಂದು ಪೂರ್ತಿ ಬರುವುದು ಮೇಲು.

• ಹಿಂದಿನ ಸಂಜೆ ಮನೆಯಲ್ಲಿ ಪೂರ್ತಿ ಮಾಡಿ ನೋಡಿ. ನೆಟ್ ಕೈಕೊಟ್ಟರೆ ಬೋರ್ಡಿನ ಮೇಲೆ ಹೇಗೆ ಮುಂದುವರಿಸುತ್ತೀರಿ ಎಂದು ಬರೆದಿಟ್ಟುಕೊಳ್ಳಿ.

• ವಿಡಿಯೊ ತೋರಿಸಿದರೆ ಎರಡು-ಮೂರು ನಿಮಿಷಕ್ಕೊಮ್ಮೆ ನಿಲ್ಲಿಸಿ, ‘ಮುಂದೆ ಏನಾಗುತ್ತದೆ?’ ಎಂದು ಕೇಳಿ. ಉತ್ತರ ಬರೆಯಿಸಿ, ಆಮೇಲೆ ಮುಂದಕ್ಕೆ ಬಿಡಿ.

• ಒಂದು ವಾರದ ನಂತರ ಮೂರು ಪ್ರಶ್ನೆ ಕೇಳಿ. ನೆನಪಿದ್ದರೆ ಆ ಸಾಧನ ಇಟ್ಟುಕೊಳ್ಳಿ. ಇಲ್ಲದಿದ್ದರೆ ಕೈಬಿಡಿ, ಬೇಸರ ಬೇಡ.

• ಪಕ್ಕದ ಶಾಲೆಯ ಅದೇ ವಿಷಯದ ಒಬ್ಬ ಶಿಕ್ಷಕರಿಗೆ ಮಾಡಿದ್ದನ್ನು ಹೇಳಿ, ಅವರದ್ದನ್ನು ಕೇಳಿ.

ಇನ್ನು ಆ ಪಿರಮಿಡ್ ಚಿತ್ರ ನಿಮ್ಮ ಗುಂಪಿಗೆ ಮತ್ತೆ ಬಂದಾಗ, ಕಳಿಸಿದವರನ್ನು ಹಂಗಿಸಬೇಕಿಲ್ಲ. ಅವರೂ ಮಕ್ಕಳ ಒಳ್ಳೆಯದಕ್ಕೆಂದೇ ಕಳಿಸಿರುತ್ತಾರೆ. ‘ಸರ್, ಈ ಅಂಕಿಗಳಿಗೆ ಆಧಾರವಿಲ್ಲವಂತೆ. ಡೇಲ್ ಅವರ ಮೂಲ ಚಿತ್ರದಲ್ಲಿ ಅಂಕಿಗಳೇ ಇರಲಿಲ್ಲ’ ಎಂದು ಎರಡು ಸಾಲು ಬರೆಯಿರಿ. ಜೊತೆಗೆ ನೀವು ತರಗತಿಯಲ್ಲಿ ಮಾಡಿ ನೋಡಿದ ಒಂದು ಪಾಠವನ್ನೂ ಕಳಿಸಿ. ಅದು ಫಾರ್ವರ್ಡ್ ಮಾಡಲು ಯೋಗ್ಯವಾದ ಸಂದೇಶ.